ಹಣ್ಣೋ ಕಾಯೋ

ಗರ್ವಾಲೆಯ ಇಳಿಜಾರಿನಲ್ಲಿ ಅರೇಬಿಕಾ ಕೊಯ್ಲು.
ಭಾನುವಾರ. ಹತ್ತು ವರ್ಷದ ಮೊಣ್ಣಪ್ಪ
ಸೊಂಟಕ್ಕೆ ಚೀಲ ಕಟ್ಟಿಕೊಂಡು
ಒಂದು ಸಾಲು ನಾನೊಬ್ಬನೇ ಮುಗಿಸುತ್ತೇನೆಂದ.
ಸಂಜೆ ಕಣದಲ್ಲಿ ಸುರಿದಾಗ
ಕೆಂಪಿಗಿಂತ ಹಸಿರೇ ಹೆಚ್ಚು.
ರೈಟರ್ ಚೋಮುಣಿ ಒಂದು ಹಿಡಿ ಎತ್ತಿ ನೋಡಿ
'ಸಣ್ಣ ಯಜಮಾನರಿಗೆ ಬಹಳ ಅವಸರ' ಎಂದು ನಕ್ಕ.
ಹುಡುಗ ನಗಲಿಲ್ಲ.
'ಎಲ್ಲಾ ಒಂದೇ ಥರ ಇವೆಯಲ್ಲ ಅವ್ವ' ಎಂದ.
ಅಳುವ ದನಿಯಲ್ಲ,
ಮಗ್ಗಿ ಒಪ್ಪಿಸುವ ದನಿ.

ಮಡಿಕೇರಿಯ ಕಣ್ಣಿನ ಡಾಕ್ಟರು
ಚುಕ್ಕಿಗಳ ಪುಸ್ತಕ ತೆರೆದರು.
ನನಗೆ ಎಂಟು ಕಂಡಲ್ಲಿ ಅವನಿಗೆ ಮೂರು.
ನನಗೆ ನಲವತ್ತೈದು ಕಂಡಲ್ಲಿ
ಅವನಿಗೆ ಬರೀ ಚುಕ್ಕಿ, ಚೆಲ್ಲಿದ ರಾಗಿಯ ಹಾಗೆ.
'ತಂದೆಗೆ ಹೀಗಿತ್ತೇ?'
'ಇಲ್ಲ, ನನ್ನ ಗಂಡ ಬಣ್ಣ ನೋಡಿಯೇ ಹಣ್ಣಿನ ದರ ಹೇಳುತ್ತಾರೆ.'
'ಅವರಲ್ಲ. ನಿಮ್ಮ ತಂದೆಗೆ.'

ನನ್ನ ತಂದೆಗೆ.

ಮನೆಯ ಗಂಡಸರೆಲ್ಲ ಫೋಟೋದಲ್ಲಿ ಪಟ್ಟಿ, ಪದಕ, ಟೋಪಿ.
ಬಿದ್ದಪ್ಪ ಮಾತ್ರ ಹತ್ತೊಂಬತ್ತನೇ ವಯಸ್ಸಲ್ಲಿ
ಭರ್ತಿಗೆ ಹೋದವನು
ಮೂರನೇ ದಿನ ರಾತ್ರಿ ಬಸ್ಸಿಗೆ ಮರಳಿದ.
ಹೋದ ಕೆಲಸ ಹಣ್ಣೋ ಕಾಯೋ, ಕೇಳಿದರು.
'ಕಾಯಿ' ಎಂದನಂತೆ.
ಆಮೇಲೆ ಐವತ್ತು ವರ್ಷ ಆ ಬಗ್ಗೆ ಒಂದು ಮಾತಿಲ್ಲ.
ಅವನು ಬಿಟ್ಟ ಜಾಗವನ್ನು ಊರು ತುಂಬಿತು:
ಗುಂಡಿನ ಸದ್ದಿಗೆ ಹೆದರಿದ, ಎಂದರು.
ತಾಯಿಯ ಸೆರಗು ಬಿಡದವನು, ಎಂದರು.
ಹಬ್ಬದೂಟದಲ್ಲಿ ಚಿಕ್ಕಪ್ಪಂದಿರು ಗಡಿಯ ಕಥೆ ತೆಗೆದರೆ
ಪಂದಿ ಬಡಿಸುವ ಕೆಲಸ ತಾನೇ ಕೇಳಿ ತಗೊಳ್ಳುತ್ತಿದ್ದ.

ನಾನೂ ನಂಬಿದ್ದೆ. ಅದನ್ನು ಇಲ್ಲಿ ಬರೆಯಲೇಬೇಕು.

ಡಾಕ್ಟರು ಚೀಟಿಯ ಬೆನ್ನಿಗೆ ಗೆರೆ ಎಳೆದರು.
ಚೌಕ, ಗಂಡು. ವೃತ್ತ, ಹೆಣ್ಣು.
ಅಪ್ಪನ ಚೌಕಕ್ಕೆ ಪೂರಾ ಶಾಯಿ.
ನನ್ನ ವೃತ್ತದ ನಡುವೆ ಒಂದು ಚುಕ್ಕಿ,
ಅವಸರದಲ್ಲಿಟ್ಟ ಬೊಟ್ಟಿನ ಹಾಗೆ.
'ಹೆಂಗಸಿಗೆ ಎಕ್ಸ್ ಎರಡು.
ಒಂದು ತಪ್ಪಿದರೂ ಇನ್ನೊಂದು ಓದಿ ಹೇಳುತ್ತದೆ.
ಗಂಡಿಗೆ ಒಂದೇ; ಅದೂ ತಾಯಿಯಿಂದ.'

ಹಾಗಾದರೆ ಅಣ್ಣನಿಗೆ?
ಅಣ್ಣನಿಗೆ ತಂದೆಯಿಂದ ಇದು ದಾಟುವುದಿಲ್ಲ.
ಅಣ್ಣನಿಗೆ ಮನೆಹೆಸರು, ಕೋವಿ, ಕೆರೆಯಾಚೆಯ ತೋಟ.
ಎಲ್ಲ ಬಣ್ಣ ಕಂಡು, ಮೊದಲ ಸಲಕ್ಕೇ ಪಾಸಾಗಿ
ಫೋಟೋದ ಸಾಲಿಗೆ ಸೇರಿಕೊಂಡ.
ನನಗೆ ಇದು.
ಪಾಲಲ್ಲ, ಪಣತವಲ್ಲ,
ಅಪ್ಪನಿಗಿದ್ದ ಒಂದೇ ಒಂದು, ಇಡಿಯಾಗಿ.

ಮದುವೆಯ ದಿನ ಸಂಬಂಧ ಅಡ್ಕುವಾಗ
ಎರಡೂ ಕಡೆಯ ಹಿರಿಯರು ಕಲ್ಲು ಎಣಿಸಿ ಕೊಟ್ಟರು.
ಯಾರೂ ಎಣಿಸದ ಒಂದನ್ನು ಹೊತ್ತು ನಾನು ಹೊಸಿಲು ದಾಟಿದೆ.
ಕೆಂಪು ಸೀರೆ ನೋಡಿ ಅಪ್ಪ
'ಚೆನ್ನಾಗಿದೆ' ಎಂದಿದ್ದ.
ಯಾವುದು ಚೆನ್ನಾಗಿತ್ತು ಅಪ್ಪ?
ನಿನ್ನ ಸೊಂಟದ ಚೇಲೆ
ನಿನಗೆ ಯಾವ ಬಣ್ಣವಾಗಿತ್ತು?

ಇಂಥದೇ ಪುಸ್ತಕ ಇದ್ದಿರಬೇಕು ಆ ಕೋಣೆಯಲ್ಲಿ.
ಹಿಂದೆ ಸಾಲು, ಮುಂದೆ ಮೇಜು,
ಎಲ್ಲರಿಗೂ ಕಾಣುವ ಅಂಕಿ ಇವನಿಗಿಲ್ಲ.
ಹೆದರಿದ್ದು ಹೌದೇನೋ.
ಗುಂಡಿಗಲ್ಲ.

ಹಿಂದಿನ ಸೀಟಿನಲ್ಲಿ ದೇಚು, ಏಳು ವರ್ಷ,
ಅಣ್ಣನ ಬಣ್ಣದ ಪೆನ್ಸಿಲುಗಳಿಗೆ
ಹೆಸರಿನ ಚೀಟಿ ಅಂಟಿಸುತ್ತಿದ್ದಾಳೆ, ಯಾರೂ ಹೇಳದೆಯೇ.
ಅವಳ ವೃತ್ತದಲ್ಲಿ ಚುಕ್ಕಿ ಇದ್ದರೂ ಇರಬಹುದು,
ಇಲ್ಲದಿದ್ದರೆ ಇಲ್ಲ. ನಾಣ್ಯ ಚಿಮ್ಮಿದಂತೆ, ಎಂದರು ಡಾಕ್ಟರು.
ಆ ನಾಣ್ಯ ಬಿದ್ದು ಏಳು ವರ್ಷವಾಯಿತು,
ಬಗ್ಗಿ ನೋಡಿದವರಿಲ್ಲ.

ಮಾರನೆಯ ಸಂಜೆ ಮೊಣ್ಣಪ್ಪ ಮತ್ತೆ ಸಾಲಿಗೆ ಇಳಿದ.
ಬೇಡ ಎನ್ನಲು ಹೋದವಳು ನಿಂತೆ.
ಒಂದೊಂದನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಿದ್ದಾನೆ:
ಮೆತ್ತಗಾದರೆ ಚೀಲಕ್ಕೆ,
ಗಟ್ಟಿಯಿದ್ದರೆ ಗಿಡಕ್ಕೇ.
ಅಪ್ಪನೂ ಹೀಗೇ ಒತ್ತುತ್ತಿದ್ದ.
ಗಿಡದ ಮೇಲಿನ ಅಕ್ಕರೆ ಅಂದುಕೊಂಡಿದ್ದೆ.