ಉಪ್ಪುನೀರಿನ ಮೇಲೆ

ಬೆಂಕಿಪೊಟ್ಟಣದಲ್ಲಿ ತರುತ್ತಾರೆ,
ಮುಲಾಮಿನ ಖಾಲಿ ಡಬ್ಬಿಯಲ್ಲಿ,
ಯಾರದೋ ಮದುವೆಯ ಪೇಢೆ ಡಬ್ಬಿಯಲ್ಲಿ.
ಒಮ್ಮೆ ಒಬ್ಬರು ಸ್ಟೀಲಿನ ಟಿಫಿನ್ನಿನಲ್ಲೇ ತಂದರು.
ಮುಚ್ಚಳದ ಮೇಲೆ ಚುಕ್ಕಿ ಹೊಡೆಸಿದ ಹೆಸರಿತ್ತು:
ಸೌ. ನೀಲಾಂಬಿಕಾ.

ನೌಬಾದಿನ ಪಶು ಆಸ್ಪತ್ರೆಯ ಹಿಂದಿನ ಕೋಣೆ ನನ್ನದು.
ಒಂದು ಕಿಟಕಿ, ಒಂದು ಸಿಂಕು,
ನನ್ನ ಎಡಗಣ್ಣಿಗೆ ಒಗ್ಗಿದ ಒಂದು ಸೂಕ್ಷ್ಮದರ್ಶಕ.
ಬಾಗಿಲ ಮೇಲೆ ಬರೆದದ್ದು 'ಮಲ ಪರೀಕ್ಷೆ'.
ಓಣಿಯಲ್ಲಿ ನನಗಿಟ್ಟ ಹೆಸರು ಬೇರೆ. ಬಿಡಿ.

ಚಿಟಿಕೆಯಷ್ಟು ತೆಗೆದು ಉಪ್ಪುನೀರಲ್ಲಿ ಕದಡುತ್ತೇನೆ.
ಉಪ್ಪೆಂದರೆ, ಇನ್ನು ಕರಗಲಾರೆ ಎಂದು
ತಳದಲ್ಲಿ ಹಟ ಹಿಡಿದು ಕೂರುವಷ್ಟು ಉಪ್ಪು.
ಚಹಾ ಜಾಲರಿಯಲ್ಲಿ ಸೋಸಿ,
ಗಾಜಿನ ನಳಿಕೆಗೆ ಅಂಚಿನತನಕ ಸುರಿದು,
ನೆತ್ತಿಗೊಂದು ತೆಳು ಗಾಜಿನ ಬಿಲ್ಲೆ ಇಟ್ಟು
ಹದಿನೈದು ನಿಮಿಷ ಕಾಯುತ್ತೇನೆ.
ಭಾರದ್ದು ಇಳಿಯುತ್ತದೆ.
ಹಗುರಾದದ್ದು ಏಳುತ್ತದೆ.

ಅಷ್ಟರಲ್ಲಿ ಹೊರಗೆ ಬೆಂಚಿನ ಮೇಲೆ ಮಾತು.
'ನಮ್ದು ಹೊರಗ ಹೋಗಂಗೇ ಇಲ್ರಿ.'
'ನಮ್ದು ಫಿಲ್ಟರ್ ನೀರೇ ಕುಡೀತದ.'
'ನಮ್ ಮುನ್ನಿ ಸೋಫಾ ಬಿಟ್ಟು ಇಳಿಯಲ್ಲ,
ಆಕಿಗಿ ಎಲ್ಲಿಂದ ಬರಬೇಕು ಹುಳ?'
ನಿವೃತ್ತ ತಹಶೀಲ್ದಾರ್ ಧೂಳಪ್ಪನವರು
ತಮ್ಮ ಲ್ಯಾಬ್ರಡಾರಿನ ವಂಶಾವಳಿ ತಂದಿದ್ದಾರೆ,
ಪ್ಲಾಸ್ಟಿಕ್ ಹೊದಿಸಿ.
ಅವರ ಪಕ್ಕ, ನಡುವೆ ಒಂದು ಮೊಳ ಬಿಟ್ಟು,
ಚಿಂದಿ ಆಯುವ ಲಾಲಮ್ಮ. ಮಡಿಲಲ್ಲಿ
ಕಿವಿ ಹರಿದ ಬೀದಿನಾಯಿ.
ಅದರ ಹೆಸರು ಸಾಹೇಬ.

ಬಿಲ್ಲೆ ಎತ್ತಿ ಮಸೂರದ ಕೆಳಗಿಡುತ್ತೇನೆ.
ಹರಳುಗಳಾಚೆ, ಬೆಳಕಿನ ಹೊಂಡದಲ್ಲಿ,
ಅವು.
ಕೆಲವು ದುಂಡಗೆ, ಕಂದು, ಸಿಪ್ಪೆ ಒರಟು.
ಕೆಲವು ಉದ್ದುದ್ದ, ಒಳಗೆ ನಾಲ್ಕು ದ್ರಾಕ್ಷಿ.
ಬಾಲದ ಬುಡಕ್ಕೆ ಅಂಟಿ ಬರುವ ಸೌತೆಬೀಜಗಳಿಗೆ
ಸೂಕ್ಷ್ಮದರ್ಶಕವೂ ಬೇಡ.

ಬಿದರಿ ಕೆಲಸದ ಖಾಜಾ ಮಿಯಾ ತನ್ನ ಬೆಕ್ಕಿನದು ತಂದಿದ್ದ.
ನೋಡಬೇಕೆಂದ. ನೋಡಿದ.
ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ.
'ಎಷ್ಟು ಸಫಾಯಿ ಅದರೀ ಕೆಲಸ!
ಒಂದರಂಗ ಇನ್ನೊಂದು.'
ಆಮೇಲೆ ಏನೋ ಹೊಳೆದವನಂತೆ ಸಿಂಕಿಗೆ ಹೋಗಿ
ಕೈ ತೊಳೆದ, ಮತ್ತೆ ತೊಳೆದ.
ಬೆರಳಿನ ಕಪ್ಪು ಮಾತ್ರ,
ಅದು ಕೋಟೆಯ ಮಣ್ಣಿನದು, ಹೋಗಲಿಲ್ಲ.

ವಂಶಾವಳಿಯವನಲ್ಲಿ ಇತ್ತು. ಸಾಹೇಬನಲ್ಲಿ ಇತ್ತು.
ಸೋಫಾದ ಮುನ್ನಿಯಲ್ಲಿ ಎರಡು ಬಗೆ.
ಇವತ್ತು ಬಂದದ್ದು ಹನ್ನೊಂದು, ಇದ್ದದ್ದು ಆರರಲ್ಲಿ.
ರಿಜಿಸ್ಟರಿನಲ್ಲಿ ಕೂಡಿಸುವ ಗುರುತು ಹಾಕುತ್ತ ಹೋದರೆ
ಪುಟ ಕಸೂತಿಯಾಗುತ್ತದೆ,
ಒಂದೇ ಬಟ್ಟೆ, ಒಂದೇ ದಾರ,
ಧೂಳಪ್ಪನವರ ಕೆಳಗೇ ಲಾಲಮ್ಮ.

ಕೊನೆಗೆ ಮಂಗಲಪೇಟೆಯ ರೂತ್, ಎಂಟು ವರ್ಷದವಳು.
ಬುಟ್ಟಿಯಲ್ಲಿ ಡೊಳ್ಳು ಹೊಟ್ಟೆಯ ಮರಿ.
'ತಿಂಗಳೂ ಆಗಿಲ್ರಿ. ನೆಲಕ್ಕೇ ಬಿಟ್ಟಿಲ್ಲ ನಾ ಇದಕ್ಕ.'
ಹೇಳಿದೆ: ಇದು ನೆಲದ್ದಲ್ಲ ಮಗಾ.
ತಾಯಿಯ ಮಾಂಸದೊಳಗೆ ಮಲಗಿರುತ್ತದೆ,
ವರ್ಷಗಟ್ಟಲೆ, ಅಲ್ಲಾಡದೆ.
ಆಕೆ ಬಸುರಾದದ್ದು ಅದಕ್ಕೆ ಹೇಗೋ ತಿಳಿಯುತ್ತದೆ.
ಎದ್ದು ಹೊರಡುತ್ತದೆ ಮರಿಗಳ ಕಡೆ.
ಉಳಿದದ್ದು ಹಾಲಿನಲ್ಲಿ.

ರೂತ್ ಮರಿಯ ಕಿವಿ ಮಡಚಿದಳು, ಬಿಚ್ಚಿದಳು.
'ಮತ್ತ ಅದರ ಅವ್ವಗ ಗೊತ್ತಿತ್ತೇನ್ರಿ?'
ಇಲ್ಲ ಅಂದೆ.
'ಗೊತ್ತಿದ್ರ ಕುಡಸ್ತಿರ್ಲಿಲ್ಲೇನು?'
ಚೀಟಿಯಲ್ಲಿ ತಾರೀಖು ಬರೆದೆ:
ಇವತ್ತು ಒಂದು ಡೋಸು, ಎರಡು ವಾರಕ್ಕೆ ಇನ್ನೊಂದು,
ತಾಯಿಗೂ.
ಅದರ ಪ್ರಶ್ನೆಗೆ ಚೀಟಿಯಲ್ಲಿ ಜಾಗವಿರಲಿಲ್ಲ.

ಐದು ಗಂಟೆ. ಎಲ್ಲರೂ ಹೋದರು.
ಬ್ಯಾಗಿನಿಂದ ನನ್ನದೇ ಬೆಂಕಿಪೊಟ್ಟಣ ತೆಗೆದೆ.
ಒಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ.
ನಮ್ಮ ಗುಲಾಬಿ, ಮಗಳ ದಿಂಬಿನ ಮೇಲೆ ಮಲಗುವವಳು,
ಮಗಳು ಮೂಗಿಗೆ ಮುತ್ತು ಕೊಡುವವಳು.
ಸಂಖ್ಯೆ ಹನ್ನೆರಡು ಎಂದು ಬರೆದೆ.
ಕದಡಿದೆ, ಸೋಸಿದೆ, ಬಿಲ್ಲೆ ಇಟ್ಟೆ.

ಕೋಣೆಯಲ್ಲಿ ನಿಲ್ಲಲಾಗಲಿಲ್ಲ.
ಹೊರಗೆ ಬಂದು ಖಾಲಿ ಬೆಂಚಿನ ಮೇಲೆ ಕೂತು
ಎದುರಿನ ಗೋಡೆಗೆ ಹೇಳಿದೆ:
ನಮ್ದು ಹೊರಗ ಹೋಗಂಗೇ ಇಲ್ರಿ.