ಲೆಫ್ಟ್

ಗ್ರಿಮ್ಸ್‌ಬಿಯ ಮೀನು ಧಕ್ಕೆಯ ಹಿಂದೆ, ಹಳೆಯ ಚರ್ಚ್ ಹಾಲಿನಲ್ಲಿ
ಮಂಗಳವಾರ ಸಂಜೆ ಏಳಕ್ಕೆ ನನ್ನ ಇಂಗ್ಲಿಷ್ ಪಾಠ.
ಹೀಟರು ಅರ್ಧ ಮಾತ್ರ ಉರಿಯುತ್ತದೆ. ಯಾರೂ ಕೋಟು ಬಿಚ್ಚುವುದಿಲ್ಲ.
ಬೋರ್ಡಿನ ಮೇಲೆ ಇವತ್ತು ಒಂದೇ ಪದ.

ಸುಲಭ, ಅಂದ ವೈದೋತಾಸ್, ಎಡಗೈ ಎತ್ತಿ ತೋರಿಸಿದ.
ಹ್ಯಾಡಕ್ ಸೀಳುವ ಕೈ ಅದು, ಹೆಬ್ಬೆರಳಿಗೆ ನೀಲಿ ಪ್ಲಾಸ್ಟರು;
ಫ್ಯಾಕ್ಟರಿಯ ಚಾಕುಗಳೆಲ್ಲ ಬಲಗೈಯವರಿಗೇ ಮಾಡಿದ್ದು ಎಂದು
ಹನ್ನೊಂದು ವರ್ಷದಿಂದ ಅವನ ದೂರು.

ಸರಿ, ಅಂದೆ. ಆದರೆ ಕಡಲಿಗಿಳಿದರೆ ಅದಕ್ಕೆ ಪೋರ್ಟ್ ಅನ್ನಬೇಕು.
ನನ್ನಪ್ಪ ಟ್ರಾಲರಿನವನು; ಊಟದ ಮೇಜಿನಲ್ಲಿ ಉಪ್ಪು ಕೇಳಿದರೂ
ನಿನ್ನ ಪೋರ್ಟ್ ಕಡೆಗಿದೆ ನೋಡು, ಅನ್ನುತ್ತಿದ್ದ.
ಲೆಫ್ಟ್ ಎಂಬುದು ದಡದವರ ಮಾತು.

ಇನ್ನೊಂದು ಅರ್ಥ, ಹೋಗಿದ್ದು.
ಬಸ್ಸು ಲೆಫ್ಟ್. ನೀನೇ ತಡ ಮಾಡಿದೆ.
ಮುಂದಿನ ಓಣಿಯ ಬೆರಿಲಳ ಗಂಡ ಲೆಫ್ಟ್,
ಟೀವಿಯನ್ನೂ ಹೊತ್ತುಕೊಂಡು.
ಎಲ್ಲರೂ ನಕ್ಕರು.
ಮತ್ತೊಂದು, ಉಳಿದದ್ದು.
ಚಿಪ್ಸ್ ಅಂಗಡಿ ಮುಚ್ಚುವ ಹೊತ್ತಿಗೆ ಕೇಳಿ ನೋಡಿ,
ಏನಾದರೂ ಲೆಫ್ಟ್?
ಒಂದು ಕಾಡ್, ತುಸು ಬಟಾಣಿ, ಅರ್ಧ ಬೆಲೆಗೆ.

ಯೊಲಾಂತಾ ಪೆನ್ನು ಕೆಳಗಿಟ್ಟಳು.
ಹೋದದ್ದಕ್ಕೂ ಉಳಿದದ್ದಕ್ಕೂ ಒಂದೇ ಮಾತೇ?
ನಿಮ್ಮ ಜನಕ್ಕೆ ಪದಗಳಿಗೆ ಅಷ್ಟು ಬರವೇ?
ಇಪ್ಪತ್ತು ವರ್ಷ ಕಲಿಸಿದ್ದೇನೆ. ಉತ್ತರ ತೋಚಲಿಲ್ಲ.
ಎಡಕ್ಕೆ ತಿರುಗಿದವಳು ಎಡವಿದ್ದು ಅಲ್ಲೇ.
ವಾಕ್ಯ ಬರೆಯಿರಿ, ಅಂದೆ. ಎರಡು. ಹತ್ತು ನಿಮಿಷ.

ಫಿಲ್ಮೋನ್ ಹಿಂದಿನ ಸಾಲಿನವನು, ಹತ್ತೊಂಬತ್ತರ ಹುಡುಗ,
ಪೆಟ್ಟಿಗೆಗೆ ಐಸ್ ತುಂಬುವ ಕೆಲಸ. ಪುಸ್ತಕ ತಂದಿಟ್ಟ.
ದುಂಡಗಿನ ಅಕ್ಷರ, ಗೆರೆಯ ಮೇಲೆ ಜೋಪಾನವಾಗಿ ಕೂರಿಸಿದ್ದು:

ರಾತ್ರಿ ದೋಣಿಯಲ್ಲಿ ನಲವತ್ತೊಂದು ಜನ ಲೆಫ್ಟ್.
ಬೆಳಿಗ್ಗೆ ದೋಣಿಯಲ್ಲಿ ಹದಿನಾರು ಜನ ಲೆಫ್ಟ್.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ವ್ಯಾಕರಣ ಸರಿ. ಸ್ಪೆಲಿಂಗ್ ಸರಿ. ಪೂರ್ಣವಿರಾಮವೂ ಇದೆ.
ತಪ್ಪು ಹುಡುಕುತ್ತ ಮೂರು ಸಲ ಓದಿದೆ;
ಒಂದಾದರೂ ಸಿಕ್ಕಿದ್ದರೆ ಆಡಲು ಒಂದು ಮಾತಿರುತ್ತಿತ್ತು.
ಕೊನೆಗೆ ಎರಡಕ್ಕೂ ರೈಟ್ ಹಾಕಿದೆ.
ಅವನು ಥ್ಯಾಂಕ್ಸ್ ಹೇಳಿ ಪುಸ್ತಕ ಒಳಗಿಟ್ಟುಕೊಂಡ.

ಒಂಬತ್ತಕ್ಕೆ ಡೆನ್ಜಿಲ್, ಬೀಗದ ಗೊಂಚಲು ಆಡಿಸುತ್ತ,
ಎಂದಿನಂತೆ ಕಾರಿಡಾರಿನ ಆ ತುದಿಯಿಂದ ಕೂಗಿದ:
ಯಾರಾದರೂ ಲೆಫ್ಟ್?

ಕುರ್ಚಿ ಒಟ್ಟುತ್ತಿದ್ದ ಫಿಲ್ಮೋನ್ ಕೈ ನಿಲ್ಲಿಸಿ
ನನ್ನ ಕಡೆ ನೋಡಿದ.
ಯಾವ ಲೆಫ್ಟ್, ಮಿಸ್?