ದಂಢ ಐದು ಸಾವಿರ

ಬೋರ್ಡು ಬರೆದ ಕುಂಞಿರಾಮ
ದಂಡದ ಹೊಟ್ಟೆ ಸೀಳಿ ದಂಢ ಮಾಡಿಟ್ಟ.
ತಿದ್ದಿಸಲಿಲ್ಲ. ಹಾಗೇ ಇದ್ದರೆ
ಹುಡುಗರಿಗೆ ತುಸು ಹೆದರಿಕೆ.

ಮೇಜಿನ ಮೇಲೆ ಕೂರಬಾರದು.
ಕ್ಯೂ ಕೋಲಿನಿಂದ ಬೆನ್ನು ಕೆರೆಯಬಾರದು.
ಟೀ ಲೋಟ ಕಿಟಕಿಯ ಹತ್ತಿರ ಮಾತ್ರ.
ಹೊಡೆಯುವಾಗ ಒಂದು ಕಾಲು ನೆಲಕ್ಕೆ ತಾಗಿರಲೇಬೇಕು:
ಇದು ಆಟದ್ದೇ ಕಾನೂನು, ನನ್ನದಲ್ಲ.
ಬಟ್ಟೆ ಹರಿದರೆ ದಂಢ ಐದು ಸಾವಿರ.
ಇದು ನನ್ನದು.

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಕೆಳಗೆ ಒಳ್ಳೆಮೆಣಸಿನ ಮಂಡಿ, ಮೇಲೆ ನಾನು.
ಮುಚ್ಚಿದ ಕ್ಲಬ್ಬೊಂದರ ಹರಾಜಿನ ಮೇಜು, ಐದು ಕಲ್ಲಿನ ಹಲಗೆ,
ಹಲಗೆಗೆ ಆರು ಜನ. ಮೆಟ್ಟಿಲು ಹತ್ತುವಷ್ಟರಲ್ಲಿ
ಅವರ ಬಳಿ ದೇವರ ಹೆಸರು, ಬೈಗುಳ ಎರಡೂ ಖಾಲಿ.
ಕಲ್ಲು ತಾನೇ, ಏನು ಖರ್ಚು ಅಂದಿದ್ದ ಮಾರಿದವನು.

ಖರ್ಚು ಬಟ್ಟೆಯದು. ಹೊಸತಕ್ಕೆ ಮೂವತ್ತೆಂಟು ಸಾವಿರ,
ಹಾಸಲು ಮೈಸೂರಿನ ದೊರೆಸ್ವಾಮಿಗೆ ನಾಲ್ಕು,
ಬಸ್ಸು ಬೇರೆ, ಕಡಂಬುಟ್ಟು ಬೇರೆ. ಎಣಿಸಿ ಹನ್ನೆರಡು ತಿನ್ನುತ್ತಾನೆ.
ಕೋಲಿನ ತುದಿಯ ಚರ್ಮ ಅರುವತ್ತು.
ನೀಲಿ ಸುಣ್ಣದ ಗಟ್ಟಿಗೆ ಲೆಕ್ಕವೇ ಇಲ್ಲ,
ಹುಡುಗರ ಜೇಬಿನಲ್ಲಿ ಮನೆಗೆ ಹೋಗುತ್ತದೆ,
ಒಗೆದ ಪ್ಯಾಂಟು ಹಿಡಿದು ಅಮ್ಮಂದಿರು ನನ್ನನ್ನು ಬೈಯಲು ಬರುತ್ತಾರೆ.

ಕಕ್ಕಡದಲ್ಲಿ ಗೋಡೆಯೇ ಬೆವರುತ್ತದೆ.
ಕಲ್ಲಿನಡಿ ನಲವತ್ತು ವ್ಯಾಟಿನ ಎಂಟು ಬಲ್ಬು, ಹಗಲೂ ರಾತ್ರಿ,
ಕಾವಿಗೆ ಕೂತ ಕೋಳಿಯ ಹಾಗೆ.
ಕರೆಂಟು ಹೋದ ಮೂರನೇ ದಿನ
ಚೆಂಡು ನಾಟಿಗದ್ದೆಗೆ ಇಳಿದಂತೆ ನಡೆದು
ಅರ್ಧದಲ್ಲಿ ಯೋಚನೆಗೆ ನಿಲ್ಲುತ್ತದೆ.
ಆಗ ಗಂಟೆಗೆ ನೂರಿಪ್ಪತ್ತು ಕೇಳಲು ನಾಚಿಕೆ. ಎಂಬತ್ತು ತಗೊಳ್ಳುತ್ತೇನೆ.

ಕೈಲ್‌ಪೊಳ್ದಿನ ದಿನ ಕೋವಿಯ ಪಕ್ಕ
ಹದಿನಾಲ್ಕು ಕ್ಯೂ ಒರಗಿಸಿ, ಗಂಧ ಹಚ್ಚಿ, ತೋಕ್‌ಪೂ ಸಿಕ್ಕಿಸಿದೆ.
ಅತ್ತೆ ನಕ್ಕರು:
ಇದರಲ್ಲಿ ಏನು ಹೊಡೀತೀಯ ಚೋಂದಮ್ಮ?

ಆ ರಾತ್ರಿ ಬಾಗಿಲು ಹಾಕಿ ಒಂದೇ ದೀಪ ಉಳಿಸಿಕೊಂಡೆ.
ಹನ್ನೊಂದು ವರ್ಷ ಪರರ ಅಂಕ ಬರೆದವಳು.
ಆಡು ಅಂತ ಯಾರೂ ಕೋಲು ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.
ಕಪ್ಪಿನ ಹಿಂದೆ ಅಡಗಿದ ಕೆಂಪು.
ಬಿಳಿಯನ್ನು ಮೇಲಿನಿಂದ ಕುಟ್ಟಿ ಬಳಸಿ ಕಳಿಸಬೇಕು.
ಒಂದು ಕಾಲು ನೆಲದಲ್ಲೇ ಇತ್ತು, ಅಷ್ಟರ ಮಟ್ಟಿಗೆ ಸರಿ.
ಚರ್ರ್.
ಮೂರು ಬೆರಳು ಉದ್ದ.

ಬೆಳಗ್ಗೆ ಕುಪ್ಯ ಹೊಲಿಯುವ ಮೊಯ್ದುಕಾಕ ಬಂದರು.
ಕನ್ನಡಕ ಏರಿಸಿದರು, ಯಾರು ಅಂತ ಕೇಳಲಿಲ್ಲ.
ಕೂಲಿಯ ಬದಲು ಮೊಮ್ಮಗನಿಗೆ ಎರಡು ಗಂಟೆ ಆಟ ಅಂದರು.

ದಂಢದ ಪುಸ್ತಕದಲ್ಲಿ
ಶಮೀರ, ವಾರಕ್ಕೆ ನೂರು, ಇನ್ನು ಹದಿನೇಳು ವಾರ ಬಾಕಿ;
ಅದರ ಕೆಳಗೆ ನನ್ನ ಹೆಸರು ಬರೆದೆ. ಐದು ಸಾವಿರ. ವಾರಕ್ಕೆ ನೂರು.
ಈ ಡಬ್ಬಿಯದು ಆ ಡಬ್ಬಿಗೆ, ನಿಜ.
ಆದರೂ ಶನಿವಾರ ಕೈ ತಡೆಯುತ್ತದೆ.

ಶಮೀರ ಓದಿದ. ಹೊಲಿಗೆಯ ಮೇಲೆ ಬೆರಳಾಡಿಸಿದ.
ಅಕ್ಕ, ಕೋಲು ಅಷ್ಟು ನೆಟ್ಟಗೆ ಹಿಡಿದರೆ
ಹರಿಯದೆ ಇರ್ತದಾ?

ಕುಂಞಿರಾಮನಿಗೆ ಹೇಳಿಕಳಿಸಿದೆ, ಬೋರ್ಡಿಗೆ ಇನ್ನೊಂದು ಸಾಲು:
ಹೊಲಿಗೆಯ ಮೇಲೆ ಚೆಂಡು ದಾರಿ ಬಿಟ್ಟರೆ ಜಗಳವಿಲ್ಲ.
ಅಕ್ಷರಕ್ಕೆ ಎಂಟು ರೂಪಾಯಿ ಅಂದ,
ಒತ್ತಿಗೆ ಬೇರೆ.